ಸೋಮವಾರ ಹೂಡಿದ ಬಂಡಿ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಸುಮ್ಮನೆ ಮೇಯಲು ಬಿಡಬೇಕು. ಬೇರೆ ಊರುಗಳಲ್ಲಿ ಈ ಕಟ್ಟು ನೇಗಿಲಿಗಷ್ಟೇ ಇದ್ದಿರಬಹುದು, ಸುರಪುರದ ಹತ್ತಿರದ ನಮ್ಮ ಊರಲ್ಲಿ ಬಂಡಿಗೂ ಇತ್ತು. ಬಾಡಿಗೆ ಬಂಡಿ ಹೊಡೆಯುತ್ತಿದ್ದ ನನ್ನ ಅಪ್ಪ ಅದನ್ನು ಒಮ್ಮೆಯೂ ಮುರಿದವನಲ್ಲ ಎಂದು ಊರಿಗೆ ಊರೇ ಆಣೆ ಮಾಡುತ್ತಿತ್ತು. ಒಮ್ಮೆ ಮುರಿದಿದ್ದ. ಊರಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ.

ಅದು ನಿಜಾಮರ ಆಳ್ವಿಕೆಯ ಕೊನೆಗಾಲ. ಯಾದಗಿರಿಯ ಒಬ್ಬ ಪೈರವಿಯವರು ನಮ್ಮ ಸೀಮೆಯಲ್ಲಿ ಓಡಾಡುತ್ತಿದ್ದರು. ಪೈರವಿ ಎಂದರೆ ದೊಡ್ಡವರ ಪರವಾಗಿ ಹೈದರಾಬಾದಿನ ಕಚೇರಿಗಳಿಗೆ ಅಲೆದು, ಸಾಹೇಬರಿಗೆ ಸಲಾಮು ಹೊಡೆದು, ಕೆಲಸ ಮಾಡಿಸಿಕೊಂಡು ಬರುವುದು. ಕಪ್ಪು ಶೇರವಾನಿ, ಅತ್ತರಿನ ಘಮ, ಬಾಯಿತುಂಬ ಪಾನು. ಅವರು ಸುಳ್ಳನ್ನು ಎಷ್ಟು ಚೆಂದ ಹೇಳುತ್ತಿದ್ದರೆಂದರೆ, ಅವರಿಂದ ಮೋಸ ಹೋಗುವುದೂ ಒಂದು ಮರ್ಯಾದೆ ಎನ್ನಿಸುತ್ತಿತ್ತು. ನನಗೆ ಅವರೆಂದರೆ ಪ್ರೀತಿ. ಚಳಿಜ್ವರದಲ್ಲಿ ಮಲಗಿದ್ದ ನನಗೆ ಹೈದರಾಬಾದಿನಿಂದ ಗುಳಿಗೆ ತಂದುಕೊಟ್ಟವರು ಅವರು.

ಆಗ ಹೈದರಾಬಾದಿನ ಶಾಸನಸಭೆಯಲ್ಲಿ ನಮ್ಮ ಸೀಮೆಯವರಿಗೊಂದು ಕುರ್ಚಿ ಸಿಗಲಿದೆ ಎಂಬ ಸುದ್ದಿಯಿತ್ತು. ಅದರ ಮೇಲೆ ಹತ್ತಾರು ಹಳ್ಳಿಗಳ ಒಡೆಯರಾದ ಒಬ್ಬ ದೇಶಮುಖರ ಕಣ್ಣು, ಶಹಾಪುರದ ಕಡೆಯ ಒಬ್ಬ ಸಾಹುಕಾರರ ಕಣ್ಣು. ನಮ್ಮ ಪೈರವಿಯವರು ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರ ಪರವಾಗಿ, ಹೀಗೆ ಇಬ್ಬರ ಪರವಾಗಿಯೂ ಸಲಾಮು ಹೊಡೆಯುತ್ತಿದ್ದರು.

ಆ ಸೋಮವಾರ ಮಧ್ಯಾಹ್ನ ಊರು ಬಿಸಿಲಿಗೆ ಕಣ್ಣು ಮುಚ್ಚಿಕೊಂಡಿತ್ತು. ನನಗೆ ಜ್ವರ ಇಳಿಯುವಾಗಿನ ಬೆವರು, ಮಂಪರು. ಪಡಸಾಲೆಯ ಆಚೆ ದನಿಗಳು ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿದ್ದವು.

“ಬೋನಾಳ ಕೆರಿ ಹತ್ರ ಮಾವಿನ ತೋಪಿನ್ಯಾಗ ದೇಶಮುಖರು ಕುಂತಾರ. ಹೊತ್ತು ಮುಳುಗೂದ್ರಾಗ ಬಾ ಅಂತ ಹೇಳಿ ಕಳಿಸ್ಯಾರ. ಸಾಹುಕಾರರ ಸುದ್ದಿ ಅವರ ಕಿವಿಗಿ ಬಿದ್ದೈತೋ ಏನೋ. ಹೋಗಲಿಲ್ಲಂದ್ರ ನನ್ನ ಕತಿ ಮುಗೀತು,” ಪೈರವಿಯವರು ಹೇಳುತ್ತಿದ್ದರು.

“ಇವತ್ತ ಸೋಮವಾರ ಐತ್ರಿ,” ಎಂದ ಅಪ್ಪ.

“ಗೊತ್ತೈತಿ. ಅದಕ್ಕ ಯಾರರ ನೋಡಿದ್ರೂ ನಂಬಂಗಿಲ್ಲ.”

ಅಪ್ಪ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿದ. ಹಣೆ ತಣ್ಣಗಿತ್ತು. ಹೊರಗೆ ಹೋಗಿ ಎತ್ತುಗಳ ಕೊರಳಿನ ಗೆಜ್ಜೆಸರ ಬಿಚ್ಚಿಟ್ಟ. ಕಿಟಕಿಯಲ್ಲಿ ಬಂಡಿ ಸದ್ದಿಲ್ಲದೆ ಹೋಯಿತು, ನೀರಿನೊಳಗೆ ಹೋದಂತೆ. ಶೇರವಾನಿಯ ಒಂದು ತೋಳು ನನ್ನತ್ತ ಕೈಯಾಡಿಸಿತು. ನಾನು ಕನಸೆಂದೇ ತಿಳಿದು ಮಗ್ಗುಲು ಬದಲಿಸಿದೆ.

ಮೂರನೆಯ ದಿನ ಬೋನಾಳದ ಕೆರೆಯಲ್ಲಿ ಹಕ್ಕಿಗಳ ನಡುವೆ ಪೈರವಿಯವರ ಹೆಣ ತೇಲಿತು. ಕೊರಳಲ್ಲಿ ಬರೆ ಇತ್ತೆಂದು ಮೇಲೆತ್ತಿದವರು ಹೇಳಿದರು. ಸೋಮವಾರ ಅವರು ನಮ್ಮ ಓಣಿಯೊಳಗೆ ಬಂದದ್ದನ್ನು ಯಾರೋ ಕಂಡಿದ್ದರು. ಹೈದರಾಬಾದಿನಿಂದ ಹೊಸದಾಗಿ ಬಂದಿದ್ದ ಪೊಲೀಸ್ ಅಮೀನರಿಗೆ ಅಷ್ಟೇ ಸಾಕಾಯಿತು. ಬಂಡಿಯವನೇ ದಾರಿಯಲ್ಲಿ ಕೊಂದು ಎಸೆದಿದ್ದಾನೆ ಎಂದು ಅಪ್ಪನ ಕೈ ಕಟ್ಟಿಸಿ ಚಾವಡಿಯಲ್ಲಿ ಕೂರಿಸಿದರು. ಕಿಟಕಿಯಲ್ಲಿ ಕಂಡದ್ದು ಕನಸಲ್ಲವೆಂದು ನನಗೆ ಆಗ ತಿಳಿಯಿತು. ಅಪ್ಪನನ್ನು ಗಲ್ಲಿಗೆ ಹಾಕುತ್ತಾರೆಂದು ಅಳುತ್ತಿದ್ದೆ.

ಆದರೆ ಚಾವಡಿಯ ಮುಂದೆ ನೆರೆದ ಜನಕ್ಕೆ ನಗುವೇ ಬಂತು.

“ಸೋಮವಾರ ಅಂವ ಬಂಡಿ ಹೂಡಂಗಿಲ್ರಿ ಸಾಹೇಬ್ರ,” ಎಂದರು ಊರ ಗೌಡರು. ಮುದುಕರು ಅದನ್ನೇ ಹೇಳಿದರು, ಅಪ್ಪನೊಂದಿಗೆ ಮಾತು ಬಿಟ್ಟಿದ್ದ ದಾಯಾದಿಗಳೂ ಅದನ್ನೇ ಹೇಳಿದರು. ಅಮೀನರ ಬೆನ್ನ ಹಿಂದೆ ನಿಂತಿದ್ದ ಈ ಕಡೆಯ ಪೊಲೀಸರು ಕೂಡ ತಲೆಯಾಡಿಸಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಬಂಡಿ ಬಂದದ್ದನ್ನು ಕಂಡಿದ್ದ ದೇಶಮುಖರ ಜನ ಬಾಯಿ ಬಿಡುವಂತಿರಲಿಲ್ಲ, ಬಿಟ್ಟರೆ ತಾವೂ ತೋಪಿನಲ್ಲಿದ್ದೆವೆಂದು ಒಪ್ಪಿದಂತಾಗುತ್ತಿತ್ತು. ಅಪ್ಪ ನೆಲ ನೋಡುತ್ತಾ ಕುಳಿತಿದ್ದ. ಅವನನ್ನು ಯಾರೂ ಏನನ್ನೂ ಕೇಳಲೇ ಇಲ್ಲ. ಕಾಲು ಜಾರಿ ಕೆರೆಗೆ ಬಿದ್ದು ಸತ್ತರೆಂದು ಬರೆದುಕೊಂಡು ಅಮೀನರು ಕುದುರೆ ಹತ್ತಿದರು.

ಅಪ್ಪ ಮನೆಗೆ ಬಂದ. ತಾನು ಉಳಿದದ್ದು ಊರು ತನ್ನ ಮೇಲಿಟ್ಟ ನಂಬಿಕೆಯಿಂದ, ಆ ನಂಬಿಕೆಯೇ ಕೊಂದವರನ್ನೂ ಉಳಿಸಿತು ಎಂಬುದು ಅವನನ್ನು ತಿನ್ನುತ್ತಿತ್ತು. ನನಗೆ ಅದೆಲ್ಲ ಬೇಕಿರಲಿಲ್ಲ. ಅಪ್ಪ ಬದುಕಿದ್ದಾನಲ್ಲ, ಸಾಕು ಎನ್ನುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಪೈರವಿಯವರ ಹೆಂಡತಿ ಯಾದಗಿರಿಯಿಂದ ಬಂದಳು. ಗಂಡ ಸತ್ತ ಜಾಗ ನೋಡಬೇಕು, ಬಂಡಿ ಹೂಡು ಎಂದಳು. ಹೆಣ್ಣುಮಗಳೊಬ್ಬಳೇ ಹೋಗುವುದು ಬೇಡವೆಂದು ಅವ್ವ ನನ್ನನ್ನೂ ಕೂರಿಸಿದಳು. ಕೆರೆಯ ದಂಡೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಬಿಳಿ ಹಕ್ಕಿಗಳು ಯಾವುದಕ್ಕೂ ಅವಸರವಿಲ್ಲದೆ ನಿಂತಿದ್ದವು. ಇಲ್ಲಿ ಯಾರೂ ಸತ್ತಿರಲಾರರು ಎನ್ನಿಸುವಷ್ಟು ಚೆಂದವಿತ್ತು.

ಅಪ್ಪ ತಲೆಯ ರುಮಾಲು ತೆಗೆದ. “ಅವ್ವಾರ, ಆವತ್ತ ನಾ ಬಂಡಿ ಹೂಡಿದ್ನಿರಿ. ಅಗೋ, ಆ ತೋಪಿನ್ಯಾಗ ಇಳಿಸಿದ್ನಿ. ದೇಶಮುಖರು ತಾವಾಗೇ ಎದ್ದು ಬಂದು ಅಪ್ಪಿಕೊಂಡ್ರು. ಅದನ್ನ ನೋಡಿ ನಾ ಧೈರ್ಯಲೆ ಹೊಳ್ಳಿ ಬಂದ್ನಿ. ನೀವು ಹ್ಞೂಂ ಅಂದ್ರ ಅಮೀನರ ಮುಂದೂ ಹೇಳ್ತೀನಿ. ನನಗೇನರ ಆಗಲಿ.”

ಬಾಯಿ ಮುಚ್ಚು ಎಂದು ಕೂಗಬೇಕೆನಿಸಿತು. ಊರೆಲ್ಲ ಸೇರಿ ಉಳಿಸಿದ ಜೀವವನ್ನು ಹೀಗೆ ಒಬ್ಬಳ ಸೆರಗಿಗೆ ಹಾಕುವ ಹಕ್ಕು ಇವನಿಗೆ ಯಾರು ಕೊಟ್ಟರೆಂದು ಮೈಯೆಲ್ಲ ಉರಿಯಿತು.

ಆಕೆ ಸೆರಗು ಹೊದ್ದುಕೊಂಡು ನೀರಿನ ಕಡೆ ತಿರುಗಿದಳು.

“ಸಾವಾದ ಮನಿ, ವರ್ಷದಾಗ ಮದಿವಿ ಆಗಬೇಕು ಅಂತ ಎಲ್ಲಾರೂ ಅಂದ್ರು. ದೇಶಮುಖರೇ ಮನಿಗಿ ಬಂದು ಕಣ್ಣೀರು ಹಾಕಿದ್ರು. ಗೆಳೆಯನ ಮಗಳು ನನಗೂ ಮಗಳೇ ಅಂದ್ರು. ಹೋದ ವಾರ ನನ್ನ ಮಗಳನ್ನ ಅವರ ತಮ್ಮನ ಮಗಗ ಕೊಟ್ಟೀನಪ್ಪ. ಈಗ ಅಕಿ ಅವರ ಮನ್ಯಾಗ ಅದಾಳ.”

ಅಪ್ಪ ರುಮಾಲನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಬಂಡಿ ತಿರುಗಿತು. ಸುರಪುರದ ಮೋಟಾರು ನಿಲ್ಲುವ ಜಾಗ ಬರುವವರೆಗೂ ಆಕೆ ನನ್ನ ಕೈ ಬಿಡಲಿಲ್ಲ. ಇಳಿಯುವಾಗ ನನ್ನ ಮುಖ ನೋಡಿ ಕೇಳಿದಳು:

“ನಿನಗ ಗಂಡು ನೋಡ್ಯಾರೇನವ್ವ?”

“ನೋಡಾಕತ್ತಾರ್ರಿ.”

“ಮಂದಿ ಎಂಥವ್ರು ಅಂತ ಚೆಂದಾಗಿ ವಿಚಾರಿಸು ಅಂತ ನಿಮ್ಮಪ್ಪಗ ಹೇಳವ್ವ,” ಎಂದಳು. ಅಪ್ಪ ಎದುರಿಗೇ ಕುಳಿತಿದ್ದ.