ರಾಧಾಬಾಯಿಯ ರೆಕಾರ್ಡ್ ತೊಳೆದ ದಿನ

ಹೋದ ವರ್ಷದ ಮಳೆಗಾಲದಲ್ಲಿ ನನಗೆ ಅರವತ್ತೊಂಬತ್ತು ತುಂಬಿತ್ತು. ಆಗ ನನ್ನ ಹುದ್ದೆ, ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಗ್ರಾಮಫೋನ್ ರೆಕಾರ್ಡ್ ತೊಳೆಯುವುದು. ನೇಮಕ ಮಾಡಿಕೊಂಡವಳೂ ನಾನೇ, ಮೇಲಧಿಕಾರಿಯೂ ನಾನೇ. ಹಾಗಾಗಿ ಕೇಳಿದಾಗಲೆಲ್ಲ ರಜೆ ಸಿಗುತ್ತಿತ್ತು.

ಅದಕ್ಕೂ ಮೊದಲು ಮೂವತ್ತೊಂದು ವರ್ಷ ಅದೇ ಊರಿನ ಫೋರ್ಟ್ ಭಾಗದ ಒಂದು ದಂತ ಆಸ್ಪತ್ರೆಯ ಸ್ಟೆರಿಲೈಸೇಶನ್ ರೂಮಿನಲ್ಲಿದ್ದೆ. ಡಾಕ್ಟರು ಹಲ್ಲು ಕಿತ್ತು ಬಿಸಾಕಿದ ಇಕ್ಕಳ, ಕನ್ನಡಿ, ಕೊಕ್ಕೆಗಳೆಲ್ಲ ಒಂದು ಕಿಟಕಿಯಿಂದ ನನ್ನ ಬಳಿ ಬರುತ್ತಿದ್ದವು. ತೊಳೆದು, ಆವಿಯಲ್ಲಿ ಬೇಯಿಸಿ, ಇನ್ನೊಂದು ಕಿಟಕಿಯಿಂದ ಹೊರಗೆ ಕೊಡುತ್ತಿದ್ದೆ. ಕೊಳಕು ಬಂದ ದಾರಿಯಲ್ಲಿ ಶುದ್ಧವಾದದ್ದು ಹೋಗಬಾರದು, ಶುದ್ಧವಾದದ್ದಕ್ಕೆ ತೊಳೆಯದ್ದು ತಾಗಬಾರದು. ಟ್ರೇನಿಂಗಿನಲ್ಲಿ ಉಳಿದ ಹುಡುಗಿಯರಿಗೆ ಇದು ತಲೆಗೆ ಹತ್ತಲು ಒಂದು ತಿಂಗಳು ಹಿಡಿಯಿತು, ನನಗೆ ಅರ್ಧ ದಿನ ಸಾಕಾಯಿತು. ಧಾರವಾಡದ ನಮ್ಮ ಮನೆಯಲ್ಲಿ ಅಜ್ಜಿ ಮಡಿಸೀರೆಯನ್ನು ಕೈಯಿಂದ ಮುಟ್ಟದೆ ಕೋಲಿನಿಂದಲೇ ಎತ್ತಿ ಒಣಹಾಕುತ್ತಿದ್ದಳು. ನಾವು ಮಕ್ಕಳು ಅಪ್ಪಿತಪ್ಪಿ ತಾಗಿದರೆ ಸೀರೆಗೂ ನಮಗೂ ಮತ್ತೊಮ್ಮೆ ಸ್ನಾನ. ಆಸ್ಪತ್ರೆಯವರು ಅದನ್ನೇ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಹಚ್ಚಿದ್ದರು, ಅಷ್ಟೇ.

ಅಲ್ಲಿ ನನಗೆ ಬಹಳ ಪ್ರೀತಿಯಾಗಿದ್ದ ಯಂತ್ರ ಅಲ್ಟ್ರಾಸೋನಿಕ್ ಕ್ಲೀನರ್. ನೋಡಲು ಒಂದು ಸ್ಟೀಲ್ ತೊಟ್ಟಿ. ಅದರ ತಳದಿಂದ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಸ್ಥಾಯಿಯ ಶಬ್ದ, ನಲವತ್ತು ಕಿಲೋಹರ್ಟ್ಜ್, ನೀರಿನೊಳಗೆ ಹೋಗುತ್ತದೆ. ನಮಗೆ ಕೇಳುವುದು ಸೊಳ್ಳೆಗಳ ಸಭೆ ನಡೆದಂಥ ಒಂದು ಗುಂಯ್ ಮಾತ್ರ. ಆ ಶಬ್ದದಿಂದ ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವಾಗ ಸಂದುಗೊಂದುಗಳ ಕೊಳೆಯನ್ನು ಎಳೆದು ಹಾಕುತ್ತವೆ. ಬ್ರಶ್ಶು ಹೋಗದ ಕಡೆ ಇದು ಹೋಗುತ್ತದೆ.

ನಿವೃತ್ತಿಯಾದ ಮೇಲೆ ಈ ವಿದ್ಯೆ ಮನೆಯಲ್ಲಿ ಉಪಯೋಗಕ್ಕೆ ಬಂತು. ನಮ್ಮ ಯಜಮಾನರ ಹತ್ತಿರ ಎರಡು ಕಪಾಟು ಎಲ್‌ಪಿ ರೆಕಾರ್ಡುಗಳಿವೆ. ಮುಂಬಯಿಯ ಮಳೆಗಾಲ ಅವಕ್ಕೆಲ್ಲ ಬೂಷ್ಟು ಹಿಡಿಸಿತ್ತು. ಆರು ಲೀಟರಿನ ತೊಟ್ಟಿಯೊಂದನ್ನು ತರಿಸಿ, ಗ್ರಾಂಟ್ ರೋಡ್ ಕಡೆಯ ಒಬ್ಬ ಮೆಕ್ಯಾನಿಕ್ ಕೈಯಲ್ಲಿ ಅದರ ಮೇಲೆ ನಿಧಾನವಾಗಿ ತಿರುಗುವ ಮೋಟರು, ಒಂದು ಸರಳು ಕೂರಿಸಿದೆ. ರೆಕಾರ್ಡುಗಳನ್ನು ಆ ಸರಳಿಗೆ ಚಕ್ರದಂತೆ ಸಿಕ್ಕಿಸಬೇಕು. ಕೆಳಗಿನ ಭಾಗ ನೀರಲ್ಲಿ ಮುಳುಗಿ ತಿರುಗುತ್ತದೆ, ನಡುವಿನ ಲೇಬಲ್ಲು ನೀರಿನ ಮೇಲೆ ಒಣಗಿಯೇ ಇರುತ್ತದೆ. ಡಿಸ್ಟಿಲ್ಡ್ ವಾಟರ್, ನಾಲ್ಕು ಹನಿ ಲಿಕ್ವಿಡ್ ಸೋಪು, ಮೂವತ್ತು ಡಿಗ್ರಿ ಮೀರದ ಬಿಸಿ, ಹತ್ತು ನಿಮಿಷ. ಹೆಚ್ಚು ಬಿಸಿಯಾದರೆ ರೆಕಾರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಆಗಿದೆ, ನಮ್ಮ ಯಜಮಾನರಿಗೆ ಇನ್ನೂ ಗೊತ್ತಿಲ್ಲ. ಈಗ ಇದನ್ನು ಓದಿದರೆ ಗೊತ್ತಾಗುತ್ತದೆ.

ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಬ್ಬಿತು. ಜನ ಚೀಲ ಹಿಡಿದುಕೊಂಡು ಬರತೊಡಗಿದರು. ನಮ್ಮ ಕೆಳಗಿನ ಮನೆಯವರೊಬ್ಬರು ಕ್ಯಾಬರೆ ಹಾಡುಗಳ ರೆಕಾರ್ಡನ್ನು ಭಜನೆಯ ಕವರಿನಲ್ಲಿಟ್ಟು ತಂದಿದ್ದರು, ಹೆಂಡತಿಗೆ ಹೇಳಬೇಡಿ ಎಂದರು. ನಾನು ಹೇಳಲಿಲ್ಲ, ಜೋರಾಗಿ ಹಚ್ಚಿದೆ. ಹೀಗೆ ನಡೆದಿತ್ತು. ಒಂದೇ ಒಂದು ಕಟ್ಟಳೆ ಇತ್ತು. ತೊಳೆಯದ ರೆಕಾರ್ಡಿಗೆ ನನ್ನ ಸೂಜಿ ಮುಟ್ಟಿಸುವುದಿಲ್ಲ. "ಇಕಿದು ಸೂಜಿಗೂ ಮಡಿ" ಎಂದು ಯಜಮಾನರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನನಗೂ ಒಳಗೊಳಗೆ ಹೆಮ್ಮೆಯೇ.

ಜುಲೈ ತಿಂಗಳ ಒಂದು ಮಧ್ಯಾಹ್ನ ದಾದರಿನಿಂದ ಪ್ರಮೀಳಾಬಾಯಿ ಬಂದರು. ನನಗಿಂತ ಎರಡು-ಮೂರು ವರ್ಷ ದೊಡ್ಡವರು, ಬೆಳಗಾವಿ ಕಡೆಯ ಮನೆತನ, ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತರಾದವರು. ಮೈಯೆಲ್ಲ ಒದ್ದೆ, ಎದೆಗವಚಿಕೊಂಡ ಗಂಟು ಮಾತ್ರ ಒಣಗಿತ್ತು.

"ಲೋಕಲ್ ಟ್ರೇನಿನ್ಯಾಗ ಕೂಡ್ರಾಕ ಜಾಗಾ ಸಿಕ್ಕಿತ್ರಿ, ಕೂಡ್ರಲಿಲ್ಲ. ಯಾರರೆ ಮ್ಯಾಲ ಬಿದ್ರ ಅಂತ ಬಾಗಲಾ ಬಿಟ್ಟು ಮೂಲ್ಯಾಗ ನಿಂತ ಬಂದೆ," ಎಂದರು.

ಗಂಟು ಬಿಚ್ಚಿದರೆ ಹಳೆಯ ಇಳಕಲ್ ಸೀರೆಯ ತುಂಡು, ಅದರೊಳಗೆ ಹತ್ತು ಇಂಚಿನ ಕಪ್ಪು ರೆಕಾರ್ಡು. ಅವರ ಚಾಳು, ಅಂದರೆ ಸಾಲುಮನೆಗಳ ಹಳೆಯ ಕಟ್ಟಡ, ಒಡೆದು ಹೊಸ ಬಿಲ್ಡಿಂಗ್ ಕಟ್ಟುವವರಿದ್ದರು. ಮನೆ ಖಾಲಿ ಮಾಡುವಾಗ ತಂದೆಯ ಟ್ರಂಕಿನ ತಳದಲ್ಲಿ ಇದು ಸಿಕ್ಕಿತ್ತು. ಲೇಬಲ್ಲಿನ ಮೇಲೆ ತಂದೆಯ ಅಕ್ಷರದಲ್ಲಿ ಒಂದೇ ಸಾಲು: "ರಾಧಾ ಹಾಡಿದ್ದು, ಮುಂಬಯಿ."

ಈ ರಾಧಾ ಎಂದರೆ ಪ್ರಮೀಳಾಬಾಯಿಯ ತಾಯಿ ರಾಧಾಬಾಯಿ. ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ತೀರಿಕೊಂಡರು. ಆ ಕಾಲಕ್ಕೆ ಫೋರ್ಟಿನಲ್ಲಿ ಒಂದು ಅಂಗಡಿಯಿತ್ತಂತೆ. ಹಣ ಕೊಟ್ಟು ಮೈಕಿನ ಮುಂದೆ ಹಾಡಿದರೆ, ಅಲ್ಲೇ ರೆಕಾರ್ಡು ಕೆತ್ತಿ ಕೈಗೆ ಕೊಡುತ್ತಿದ್ದರಂತೆ. ಹಾಗೆ ಮಾಡಿಸಿದ್ದು. ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ.

"ನಮ್ಮ ಅಣ್ಣಾ ಇರೂತನಾ ಅದನ್ನ ಅಂತಿದ್ರಿ. ಪಮ್ಮಿ, ನೀ ಹಾಡಿದ್ರ ಅವ್ವನ ಕೂತು ಹಾಡಿದಂಗ ಆಗ್ತದ ಅಂತ. ಈಗ ಅವನೂ ಇಲ್ಲ. ನನಗ ಆಕಿ ಮುಖಾ ಫೋಟೋದಾಗ ಗೊತ್ತದ, ಧ್ವನಿ ಗೊತ್ತಿಲ್ಲ. ಒಮ್ಮೆ ಕೇಳಬೇಕ್ರಿ ವೈನಿ. ಖರೇನ ನನ್ನಂಗ ಅದ ಏನು, ನೋಡಬೇಕು."

ಪರಿಚಯವಾದ ಐದೇ ನಿಮಿಷಕ್ಕೆ ನಾನು ವೈನಿಯಾಗಿದ್ದೆ, ಅಂದರೆ ಅತ್ತಿಗೆ.

ರೆಕಾರ್ಡನ್ನು ಬೆಳಕಿಗೆ ಹಿಡಿದೆ. ಮೇಲೆಲ್ಲ ಬಿಳಿ ಪುಡಿ, ಅಕ್ಕಿ ಹಿಟ್ಟು ಉದುರಿಸಿದ ಹಾಗೆ. ಈ ಊರಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ? ನಡುವಿನ ತೂತಿನ ಪಕ್ಕ ಇನ್ನೂ ಮೂರು ಸಣ್ಣ ತೂತು ಇದ್ದವು. "ಅಂಗಿ ಗುಂಡಿ ಇದ್ದಂಗ ಅದ ಅಲ್ಲರಿ" ಎಂದು ತಮಾಷೆ ಮಾಡಿದೆ. ಅಂಚಿನಲ್ಲಿ ಒಂದು ಕಡೆ ಬಣ್ಣ ಹೋಗಿ ಲೋಹದಂತೆ ಏನೋ ಮಿನುಗಿತ್ತು. ಅದನ್ನೂ ನೋಡಿದೆ. ನೋಡಿ, ಯಾಕೆ ಹೀಗೆ ಎಂದು ಕೇಳಿಕೊಳ್ಳಲಿಲ್ಲ. ಇದು ಹಳೆಯ ಕಾಲದ ಅರಗಿನ, ಅಂದರೆ ಶೆಲ್ಯಾಕ್, ರೆಕಾರ್ಡು ಎಂದು ತೀರ್ಮಾನಿಸಿದೆ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ ಎಂದು ನನಗೆ ಗೊತ್ತಿತ್ತು, ಅದನ್ನು ಮುಟ್ಟಿಸಲಿಲ್ಲ, ಬಿಸಿಯನ್ನೂ ಇಳಿಸಿದೆ. ಎಷ್ಟು ಜಾಗ್ರತೆ ನನ್ನದು ಎಂದುಕೊಂಡೆ.

ಯಜಮಾನರು ಟರ್ನ್‌ಟೇಬಲ್ ಮೇಲಿನ ಬಟ್ಟೆ ತೆಗೆದು, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ರೆಕಾರ್ಡುಗಳ ಸೂಜಿ ಹಾಕಿ, ತಟ್ಟೆ ತಿರುಗಿಸಿ ಬಿಟ್ಟಿದ್ದರು.

"ಏ, ಒಂದ ಇರೂದದ. ತೊಳಿಯೂಕಿಂತ ಮೊದಲ ಹಂಗ ಒಮ್ಮೆ ಹಚ್ಚಿ ನೋಡೂಣು, ತಾ ಇಲ್ಲೆ," ಎಂದರು.

"ಆ ಬೂಷ್ಟಿನ್ಯಾಗ ನನ್ನ ಸೂಜಿ ಇಡ್ಲೇನು? ಹೊಸಾದು ತಂದು ಎಂಟ ದಿನಾ ಆಗಿಲ್ಲ."

ಪ್ರಮೀಳಾಬಾಯಿಯೂ ಮೆಲ್ಲಗೆ ಹೇಳಿದರು. "ಗರಗರ ಅಂದ್ರೂ ನಡೀತದ್ರಿ ವೈನಿ. ನನಗೇನು, ಧ್ವನಿ ತಿಳದ್ರ ಸಾಕು."

ನಾನು ಏನು ಹೇಳಿದೆ ಎಂಬುದು ನನಗೆ ಅಕ್ಷರಶಃ ನೆನಪಿದೆ. "ಎಪ್ಪತ್ತ ವರ್ಷ ತಡದೀರಿ, ಹತ್ತ ಮಿನಿಟ್ ತಡೀರಿ. ನಿಮ್ಮವ್ವನ್ನ ಹಂಗ ಹೊಲಸಿನ್ಯಾಗಿಂದ ಯಾಕ ಹಾಡಸ್ತೀರಿ? ಝಳಕಾ ಮಾಡಿ ಬರ್ಲಿ."

ಅವರು ನಕ್ಕರು. ನನ್ನ ಮಾತಿಗೆ ಜನ ನಗುವುದು ನನಗೆ ಯಾವಾಗಲೂ ಸಂತೋಷ.

ಮೋಟರು ತಿರುಗಿತು, ತೊಟ್ಟಿ ಗುಂಯ್ ಎಂದಿತು. ಮೊದಲ ನಿಮಿಷದಲ್ಲಿ ನೀರು ಹಾಲಿನಂತೆ ಬೆಳ್ಳಗಾಯಿತು. "ನೋಡ್ರಿ, ಎಷ್ಟ ಹೊಲಸ ಬಿಡ್ಲಿಕತ್ತದ!" ಎಂದು ಅವರನ್ನು ಹತ್ತಿರ ಕರೆದು ತೋರಿಸಿದೆ. ಎರಡನೇ ನಿಮಿಷಕ್ಕೆ ಚಹಾಪುಡಿಯಂಥ ಕಪ್ಪು ಚೂರುಗಳು ತೇಲಿದವು. ಅದೂ ಕೊಳೆಯೇ ಎಂದುಕೊಂಡೆ. ನಾಲ್ಕನೇ ನಿಮಿಷದ ಹೊತ್ತಿಗೆ ಬೆರಳಗಲದ ಒಂದು ಪದರ ಸುರುಳಿಯಾಗಿ ಎದ್ದು ನೀರಿಗೆ ಬಿತ್ತು. ಅದರ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವು.

ಸ್ವಿಚ್ ಆರಿಸಿದೆ. ಕೊಳೆಗೆ ಗೆರೆ ಇರುವುದಿಲ್ಲ.

ರೆಕಾರ್ಡನ್ನು ಮೇಲೆತ್ತಿದಾಗ ಅದು ಕಪ್ಪಗಿರಲಿಲ್ಲ. ಒಳಗಿದ್ದ ಅಲ್ಯೂಮಿನಿಯಂ ತಟ್ಟೆ ಬೆಳಗಿಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು, ಅಲ್ಲಲ್ಲಿ ಕಪ್ಪು ಸಿಪ್ಪೆ ಜೋತಾಡುತ್ತಿತ್ತು. ಪ್ರಮೀಳಾಬಾಯಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಅಗ ಬಾಯಿ! ಎಷ್ಟ ಛಂದ ಹೊಳೀಲಿಕತ್ತದ್ರಿ. ಸ್ವಚ್ಛ ಆತೇನ್ರಿ?"

ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು, ಹೋಗಿ ತಿರುಗುತ್ತಿದ್ದ ಟರ್ನ್‌ಟೇಬಲ್ ನಿಲ್ಲಿಸಿದರು.

"ಹಾಡು ಆ ಕರೀ ಪದರದಾಗ ಇತ್ರಿ," ಎಂದೆ. "ಅದು ಹೋತು. ನಾನ ಹಾಳ ಮಾಡಿದೆ."

ಪ್ರಮೀಳಾಬಾಯಿ ತೊಟ್ಟಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು. "ಒಂದ ಸಾಲೂ ಉಳದಿಲ್ಲೇನ್ರಿ?" ಎಂದರು.

ಲೇಬಲ್ಲಿನ ಸುತ್ತ, ನೀರು ಮುಟ್ಟದ ಕಡೆ, ಅರ್ಧ ಬೆರಳಿನಷ್ಟು ಕಪ್ಪು ಇನ್ನೂ ಅಂಟಿಕೊಂಡಿತ್ತು. ರೆಕಾರ್ಡಿನಲ್ಲಿ ಅದು ಹಾಡಿನ ಕೊನೆಯ ಭಾಗ. ಫ್ಯಾನಿನ ಕೆಳಗಿಟ್ಟು ಒಣಗಿಸಿದೆವು. ಯಜಮಾನರು ಫೋನನ್ನು ರೆಕಾರ್ಡಿಂಗಿಗೆ ಹಾಕಿ ಸ್ಪೀಕರಿನ ಮುಂದಿಟ್ಟರು. ಈ ಸಲ ಸೂಜಿಯ ಮಾತು ನಾನೆತ್ತಲಿಲ್ಲ. ಅದನ್ನು ಅವರೇ ಇಳಿಸಿದರು.

ಮಳೆ ಬಿದ್ದಂಥ ಸದ್ದು. ಅದರ ನಡುವೆ ಒಂದು ಕುರ್ಚಿ ಸರಿದಂತಾಯಿತು. ಆಮೇಲೆ ಒಬ್ಬ ಗಂಡಸು, ಮೈಕಿನಿಂದ ದೂರ, ಆದರೆ ಸ್ಪಷ್ಟವಾಗಿ: "ಭಾಳ ಛೊಲೊ ಹಾಡಿದಿ." ಅಷ್ಟೇ. ಏಳೆಂಟು ಸೆಕೆಂಡು. ಮುಂದೆ ಸೂಜಿ ಲೇಬಲ್ಲಿಗೆ ಬಡಿಯಿತು.

ಪ್ರಮೀಳಾಬಾಯಿ ಕಣ್ಣು ಮುಚ್ಚಿ ಕೂತಿದ್ದರು. "ಇದು ಅಪ್ಪಾ," ಎಂದರು. "ಅಪ್ಪನ ಧ್ವನಿ ನಾ ಐವತ್ತ ವರ್ಷ ಕೇಳೀನ್ರಿ." ಆಮೇಲೆ, "ನನಗ ಅವರು ಒಮ್ಮೆರೆ ಹಿಂಗ ಅಂದಿಲ್ಲ," ಎಂದರು.

ಚಹಾ ಮಾಡಿದೆ, ಕುಡಿಯಲಿಲ್ಲ. ನೀರನ್ನು ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಆ ಚೂರುಗಳನ್ನು ಒಂದು ಡಬ್ಬಿಯಲ್ಲಿ ತುಂಬಿ ಕೊಡಲು ಹೋದೆ. "ಅದನ್ನ ತೊಗೊಂಡು ನಾ ಏನ ಮಾಡ್ಲಿ," ಎಂದರು. ತಟ್ಟೆಯನ್ನು ಮಾತ್ರ ಮತ್ತೆ ಆ ಇಳಕಲ್ ತುಂಡಿನಲ್ಲಿ ಸುತ್ತಿಕೊಂಡರು. ಸ್ಟೇಶನ್ನಿನವರೆಗೆ ಜೊತೆಗೆ ಹೋದೆ. ಬಂದ ಲೋಕಲ್ಲಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಈ ಸಲ ಕೂತರು. ಗಂಟನ್ನು ಪಕ್ಕದಲ್ಲಿಟ್ಟುಕೊಂಡಿದ್ದರು.

ಆಮೇಲೆ ಸ್ಟುಡಿಯೋದಲ್ಲಿ ನಲವತ್ತು ವರ್ಷ ಕೆಲಸ ಮಾಡಿದ ಸೌಂಡ್ ರೆಕಾರ್ಡಿಸ್ಟ್ ಒಬ್ಬರನ್ನು ಹುಡುಕಿ ಫೋನು ಮಾಡಿದೆ. ಹೇಳುತ್ತಾ ಹೋದಂತೆ ಅವರು ಮುಂದಿನದನ್ನು ತಾವೇ ಹೇಳಿದರು. ಅದು ವಿನೈಲೂ ಅಲ್ಲ, ಅರಗೂ ಅಲ್ಲ. ಅಲ್ಯೂಮಿನಿಯಂ ತಟ್ಟೆಗೆ ಲ್ಯಾಕರ್ ಎಂಬ ಬಣ್ಣದಂಥ ಪದರ ಬಳಿದು, ಅದರ ಮೇಲೆ ನೇರವಾಗಿ ಹಾಡು ಕೆತ್ತಿದ್ದು. ಆ ಮೂರು ತೂತು ಕೆತ್ತುವ ಯಂತ್ರಕ್ಕೆ ತಟ್ಟೆ ಸಿಕ್ಕಿಸಲು, ಅದೇ ಗುರುತು. ಬಿಳಿ ಪುಡಿ ಬೂಷ್ಟಲ್ಲ. ವರ್ಷಗಳು ಕಳೆದಂತೆ ಲ್ಯಾಕರಿನೊಳಗಿನ ಎಣ್ಣೆಯಂಶವೇ ಮೇಲಕ್ಕೆ ಬಂದು ಗಟ್ಟಿಯಾಗಿ ಹಾಗೆ ಕಾಣುತ್ತದೆ. ಅದು ಕಂಡಿತೆಂದರೆ ಪದರ ಒಣಗಿ ಬಿರಿದಿದೆ ಎಂದರ್ಥ. ಅಂಥದ್ದನ್ನು ಅಲ್ಟ್ರಾಸೋನಿಕ್ ನೀರಿಗೆ ಹಾಕಿದರೆ ಬಿರುಕಿನಲ್ಲಿ ನೀರು ಹೋಗಿ ಸಿಪ್ಪೆಯಂತೆ ಸುಲಿಯುತ್ತದೆ.

"ಹಂಗ ಹಚ್ಚಿದ್ರ ಕೇಳಸ್ತಿತ್ತೇನ್ರಿ?" ಎಂದು ಕೇಳಿದೆ. ಕೇಳಬಾರದಿತ್ತು.

"ಕೇಳಸ್ತಿತ್ರಿ," ಎಂದರು. "ಒಂದ ಸಲಕ್ಕಂತೂ ಕೇಳಸ್ತಿತ್ತು."

ಇಕ್ಕಳ ತೊಳೆಯುವ ಕೆಲಸದಲ್ಲಿ ಶುದ್ಧ ಮಾಡಿದರೆ ಕೆಲಸ ಮುಗಿಯಿತು, ಇಕ್ಕಳಕ್ಕೆ ಹೇಳುವುದೇನೂ ಇರುವುದಿಲ್ಲ. ಮೂವತ್ತೊಂದು ವರ್ಷ ಅದನ್ನು ಚೆನ್ನಾಗಿ ಮಾಡಿದ ಸೊಕ್ಕಿನಲ್ಲಿ, ಹೇಳುವುದಿದ್ದ ವಸ್ತುವನ್ನೂ ನಾನು ಹಾಗೆಯೇ ತೊಳೆದೆ. ಯಂತ್ರ ಸರಿಯಾಗಿಯೇ ಇತ್ತು, ನೀರು, ಬಿಸಿ, ಸಮಯ ಎಲ್ಲವೂ ಸರಿಯಾಗಿದ್ದವು. ಕೈಯಲ್ಲಿರುವುದು ಏನು ಎಂದು ಮಾತ್ರ ವಿಚಾರಿಸಲಿಲ್ಲ. ಈಗ ಯಾರು ಬಂದರೂ ಧೂಳಿದ್ದಂತೆಯೇ ಮೊದಲು ಹಚ್ಚುತ್ತೇನೆ, ಫೋನಿನಲ್ಲಿ ಹಿಡಿದಿಡುತ್ತೇನೆ, ಆಮೇಲೆ ನೀರಿನ ಮಾತು. ಮೂರು ಸೂಜಿ ಹಾಳಾಗಿವೆ. ಆಗಲಿ. ಕೆಲವರು ಆ ಗರಗರದಲ್ಲೇ ಕೇಳಿ, ಸಾಕು, ತೊಳೆಯುವುದೇ ಬೇಡ ಎಂದು ವಾಪಸು ತೆಗೆದುಕೊಂಡು ಹೋಗುತ್ತಾರೆ. ನಾನು ತಡೆಯುವುದಿಲ್ಲ.

ದೀಪಾವಳಿಯ ಹೊತ್ತಿಗೆ ಪ್ರಮೀಳಾಬಾಯಿಯೇ ಫೋನು ಮಾಡಿದರು. ಬಾಡಿಗೆಯ ಮನೆಯಲ್ಲಿ ನೀರು ಒಂದೇ ಹೊತ್ತು ಬರುವುದು, ಈ ಸಲದ ಚಕ್ಕುಲಿ ಕಲ್ಲಿನಂತಾದದ್ದು, ಎಲ್ಲ ಹೇಳಿದರು. ಫೋನು ಇಡುವ ಮೊದಲು ಧ್ವನಿ ಸಣ್ಣ ಮಾಡಿ ಕೇಳಿದರು.

"ವೈನಿ, ಹುಚ್ಚಿ ಅನಬ್ಯಾಡ್ರಿ. ಮಶೀನ್ ನಡದಾಗ ನೀವು ಬಗ್ಗಿ ಕೂತಿದ್ರಿ. ಆ ಗುಂಯ್ ಅನ್ನೂದ್ರಾಗ ನಿಮಗ ಏನರೆ ಕೇಳಸ್ತೇನ್ರಿ?"

ಬಾಯಿಗೆ ಬಂದದ್ದನ್ನು ಆಡಿ ಜನರನ್ನು ಖುಷಿಪಡಿಸುವುದು ನನಗೆ ಹುಟ್ಟಾ ಬಂದ ವಿದ್ಯೆ. ಕೇಳಿಸಿತು, ಥೇಟ್ ನಿಮ್ಮದೇ ಧ್ವನಿ ಎನ್ನಲು ಒಂದು ಉಸಿರು ಸಾಕಾಗಿತ್ತು.

"ಇಲ್ರಿ," ಎಂದೆ. "ಮಶೀನಿಂದ ಸಪ್ಪಳ ಅಷ್ಟ."

"ಹೌದೇನ್ರಿ," ಎಂದರು. "ಇರ್ಲಿ. ಕೇಳಬೇಕನಸ್ತು."