ನಾಯಿಗೊಂದು ಒಳ್ಳೆಯ ಊಟ

ಪುಣೆಯ ಶಿವಾಜಿನಗರದಲ್ಲಿ ನಾನು ಕೆಲಸಕ್ಕಿರೋದು ಸಾಕುಪ್ರಾಣಿಗಳ ಅಂಗಡಿಯಲ್ಲಿ. ಮೊನ್ನೆ ಒಬ್ಬರು ತಮ್ಮ ನಾಯಿಗೆ "ಸುಮ್ಮನ ಕುಂಡ್ರೋ" ಅಂತ ಬೈದಾಗಲೇ ನಮ್ಮ ಧಾರವಾಡ ಕಡೆಯ ಅಕ್ಕ ಅಂತ ಗೊತ್ತಾಯಿತು.

"ಇದರ ಕೂದ್ಲ ಭಾಳ ಉದರಾಕ ಹತ್ಯಾವ," ಅಂದರು.

"ಅಗ್ಗದ ಪ್ಯಾಕೆಟ್ ಹಾಕ್ತೀರೇನ್ರಿ ಅಕ್ಕಾ? ಅದರಾಗ ಬರೇ ಗೋವಿನಜೋಳದ ಹಿಟ್ಟು, ಬಣ್ಣ. ಮಾಂಸ ಹೆಚ್ಚಿದ್ದದ್ದು ತಗೋರಿ. ಹೊಟ್ಟಿಗೆ ಚಲೋ ಬಿದ್ರ ಮೈನೂ ಚಲೋ ಇರತದ."

ಅವರು ಬೋಳಾಗುತ್ತಿರುವ ನನ್ನ ನೆತ್ತಿ ನೋಡಿದರು. "ನೀ ಏನ್ ತಿಂತೀಯೋ ತಮ್ಮಾ?"

"ಮೆಸ್ಸಿನ ಊಟ ರೀ."

"ಅದರಾಗ ಏನೇನ್ ಹಾಕ್ತಾರ?"

ನನಗೆ ಗೊತ್ತಿರಲಿಲ್ಲ. ಅವ್ವ ಬಡಿಯುವ ಬಿಸಿ ರೊಟ್ಟಿ ನೆನಪಾಯಿತು.

ನಾಯಿಗೆ ಒಳ್ಳೆಯ ಆಹಾರದ ಚೀಲವನ್ನೇ ಕೊಂಡು, "ಲಗೂ ನಡಿ, ಇನ್ನೂ ರೊಟ್ಟಿ ಬಡೀಬೇಕು," ಅಂತ ಅಕ್ಕ ಹೊರಟರು.

ಅವರು ಕರೆದದ್ದು ನಾಯಿಯನ್ನು. ಆದರೂ ಬಾಗಿಲವರೆಗೆ ನಾನೂ ಹೋಗಿಬಿಟ್ಟಿದ್ದೆ.