ಸಲಹಾ ಸಮಿತಿಗೆ ಹೋಗಿಬರುತ್ತಿದ್ದ ಟ್ರಂಕು

ಕಳೆದ ವಾರ ಮೊಮ್ಮಗಳು ನನ್ನ ಊರುಗೋಲಿನ ತುದಿಗೆ ಹೊಸ ರಬ್ಬರು ಹಾಕಿಸಿಕೊಂಡು ಬಂದಳು. ಹಳೆಯದು ಸವೆದು ಬಂಡೆಯ ನೆಲದ ಮೇಲೆ ಜಾರುತ್ತಿತ್ತು. ಕೋಲನ್ನು ಅಂಗಳದಲ್ಲಿ ಒರಗಿಸಿಟ್ಟಿದ್ದೆ. ಮಧ್ಯಾಹ್ನ ಅದನ್ನು ಎತ್ತಿಕೊಂಡಾಗ ಬಿಸಿಲಿಗೆ ಕಾದ ರಬ್ಬರಿನ ವಾಸನೆ ಕೈಗೆ ಅಂಟಿತು. ತೊಳೆದೆ, ಹೋಗಲಿಲ್ಲ. ಕಡಲೆಹಿಟ್ಟು ಹಚ್ಚಿ ತಿಕ್ಕತೊಡಗಿದೆ. ಆಗ ಬಾಜೂಮನೆಯ ಅಕ್ಕ ನೆನಪಾದಳು. ಅವಳೂ ಊಟಕ್ಕೆ ಮೊದಲು ಹೀಗೆಯೇ ಕಡಲೆಹಿಟ್ಟಿನಿಂದ ಕೈ ತಿಕ್ಕುತ್ತಿದ್ದಳು...

ಮಕ್ಕಳೇ, ನನಗೆ ಬರೆಯುವ ರೂಢಿಯಿಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು. ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ. ಆದರೆ ನಿಮ್ಮಲ್ಲೊಬ್ಬಳು ಅಂಗವಿಕಲರ ಬದುಕನ್ನು ಅಭ್ಯಾಸ ಮಾಡುವ ಸಂಸ್ಥೆಯೊಂದಕ್ಕೆ ಪಗಾರಿಲ್ಲದೆ ಕೆಲಸ ಕಲಿಯಲು ಸೇರಿದ್ದಾಳೆ. ಅಲ್ಲಿ ಸಲಹೆ ಹೇಳುವವರಿಗೂ ಪಗಾರಿಲ್ಲವಂತೆ. ಆ ಮಾತು ಕೇಳಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ಆಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ನಿಮ್ಮ ಅಜ್ಜ ವಾಡಿ ಜಂಕ್ಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಕೆಲಸದಲ್ಲಿದ್ದರು. ಮುಧೋಳದಿಂದ ಮದುವೆಯಾಗಿ ಬಂದ ನಾನು ಆ ಎರಡು ಖೋಲಿಯ ಕ್ವಾರ್ಟರ್ಸಿನಲ್ಲಿ ಅತ್ತೆ, ಮೈದುನರ ಜೊತೆ ಸಂಸಾರ ಹೂಡಿದ್ದೆ. ಒಣಹಾಕಿದ ಬಟ್ಟೆಯನ್ನು ಒಳಗೆ ತರುವ ಮೊದಲು ಕಾರ್ಖಾನೆಯ ಸಿಮೆಂಟಿನ ಧೂಳು ಝಾಡಿಸಬೇಕಿತ್ತು. ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿ ಇಂಜಿನ್ ಶೆಡ್ಡಿನಲ್ಲಿ ಕೆಲಸ ಮಾಡುವ ಅಣ್ಣ, ಅವನ ಹೆಂಡತಿ, ಮಕ್ಕಳು, ಮತ್ತು ಅಕ್ಕ ಇದ್ದರು. ಅಕ್ಕ ಅವನ ತಂಗಿ. ಸಣ್ಣವಳಿದ್ದಾಗ ಜ್ವರ ಬಂದು ಎರಡೂ ಕಾಲು ಸೋತಿದ್ದವು. ಕೂತಲ್ಲಿಂದ ಕೈಯೂರಿ ಸರಿಯುತ್ತಿದ್ದಳು. ಅಂಗೈಗೆ ಲಾರಿ ಟಾಯರಿನಿಂದ ಮಾಡಿಸಿದ ಎರಡು ಚಪ್ಪಲಿ. ಬೇಸಿಗೆಯ ಬಂಡೆಗಲ್ಲಿನ ಮೇಲೆ ಅವು ಕಾದು ಘಾಟು ಬರುತ್ತಿತ್ತು.

ಅವಳ ಬಾಯಿ ಮಾತ್ರ ಬಲವಾಗಿತ್ತು. ಸ್ಟೇಷನ್ನಿನಲ್ಲಿ ಕೂತರೆ ಯಾರಾದರೂ ಭಿಕ್ಷುಕಿಯೆಂದು ತಿಳಿದು ಮುಂದೆ ಕಾಸು ಎಸೆದು ಹೋಗುತ್ತಿದ್ದರು. ಅವಳು ಬಿಡುತ್ತಿರಲಿಲ್ಲ. "ಏ ಅಣ್ಣಾ, ನಿಂದು ರೊಕ್ಕ ಬಿದ್ದದ ನೋಡು! ಕಿಸೆ ಹರಿದದೇನ?" ಎಂದು ಪ್ಲಾಟ್‌ಫಾರ್ಮ್ ಪೂರ್ತಿ ಕೇಳುವಂತೆ ಕೂಗುತ್ತಿದ್ದಳು. ಎಸೆದವನು ತಿರುಗಿ ಬಂದು, ಬಗ್ಗಿ, ಆರಿಸಿಕೊಂಡು ಹೋಗುವವರೆಗೆ ಸುಮ್ಮನಾಗುತ್ತಿರಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಶಹಾಬಾದಿನಲ್ಲಿ ಒಂದು ಸಂಘ ಶುರುವಾಯಿತು. ನಡೆಸುವ ಸಾಹೇಬರು ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಮಾತು ಮೆದು. ಗಣಿಯ ಕಲ್ಲು ಬಿದ್ದು ಕೈಕಾಲು ಕಳೆದುಕೊಂಡವರು, ಕಣ್ಣಿಲ್ಲದವರು, ಕಿವಿ ಕೇಳದವರು ಹೇಗೆ ಬದುಕುತ್ತಾರೆಂದು ತಿಳಿದು ಸರಕಾರಕ್ಕೆ ಬರೆಯುವುದು ಸಂಘದ ಕೆಲಸ. ಮನೆಮನೆಗೆ ಹೋಗಿ ಹೆಂಗಸರನ್ನು ಕೇಳಲು ಓದುಬರಹ ಬಲ್ಲ ಹೆಣ್ಣುಮಕ್ಕಳು ಬೇಕಿತ್ತು. ನನ್ನನ್ನು ಕಲಿಯುವವಳೆಂದು ಸೇರಿಸಿಕೊಂಡರು. "ಪಗಾರಿಲ್ಲ, ಏನಿಲ್ಲ, ಇದ್ಯಾವ ನೌಕರಿಬೇ?" ಎಂದು ಅತ್ತೆ ಮೂಗು ಮುರಿದರು. ಅಕ್ಕನೂ ಬರುತ್ತಾಳೆಂದ ಮೇಲೆ, "ಆಕಿ ಜೋಡಿ ಅಂದ್ರ ಹೋಗು. ಆಕಿ ಬಾಯಿಗಿ ಯಾರೂ ಹತ್ರ ಬರಲ್ಲ" ಎಂದು ಒಪ್ಪಿದರು.

ನನ್ನಿಂದ ಅಕ್ಕನ ಸುದ್ದಿ ತಿಳಿದು, ಅವಳನ್ನು ಕೇಳಲು ಸಾಹೇಬರು ತಾವೇ ವಾಡಿಗೆ ಬಂದರು. ಅವಳ ಅಣ್ಣನ ಮುಂದೆ ಕೂತು, "ನಿಮ್ಮ ತಂಗಿಯವರನ್ನು ಸಲಹಾ ಸಮಿತಿಗೆ ತೆಗೆದುಕೊಳ್ಳುತ್ತೇವೆ. ನಿಮ್ಮ ಒಪ್ಪಿಗೆ ಬೇಕು" ಎಂದರು. ಅಣ್ಣ ಎದ್ದು ಕೈಮುಗಿದ. "ಭಾಳ ಪುಣ್ಯಾ ಬರ್ತದ್ರಿ ಸಾಹೇಬ್ರ. ನಮ್ಮ ಅವ್ವ ಅಪ್ಪ ಇದ್ದಿದ್ರ ನಿಮ್ಮ ಕಾಲಿಗಿ ಬೀಳ್ತಿದ್ರು" ಎಂದ. ಸಾಹೇಬರಿಗೆ ಸಂಕೋಚವಾಗಿ ಅವರೂ ಕೈಮುಗಿದರು. ಚಹಾ ಕೊಡಲು ಬಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ಇಷ್ಟು ಸಣ್ಣ ಮಾತಿಗೆ ಅವನ ಕಣ್ಣಲ್ಲಿ ಯಾಕೆ ನೀರು ಬಂತೆಂದು ನನಗೆ ತಿಳಿಯಲಿಲ್ಲ.

ಮೊದಲ ಮೀಟಿಂಗಿನ ದಿನ ಅಣ್ಣ ಸ್ಟೇಷನ್ನಿಗೆ ಬಂದ. ತಲೆಯ ಮೇಲೆ ಅಕ್ಕನ ತಗಡಿನ ಟ್ರಂಕು, ಅದರ ಮೇಲೆ ಕೌದಿಯ ಸುರುಳಿ.

"ಒಂದ್ ದಿನದ ಮೀಟಿಂಗಿಗಿ ಟ್ರಂಕ್ ಯಾಕಣ್ಣಾ?" ಎಂದಳು ಅಕ್ಕ.

"ಇರಲಿ ತಗೋ. ಬೇಕಾಗ್ತದ" ಎಂದು ಗಾಡಿಯೊಳಗೆ ಇಟ್ಟು, ತಂಗಿಯ ತಲೆ ಮುಟ್ಟಿ, ಹಿಂದೆ ನೋಡದೆ ಹೋದ.

ಶಹಾಬಾದಿನಲ್ಲಿ ಸಂಘದ ಖೋಲಿ ಮಾಳಿಗೆಯ ಮೇಲಿತ್ತು. ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಸಾಹೇಬರು ಗಾಬರಿಯಾಗಿ, ಕುರ್ಚಿಯಲ್ಲಿ ಕೂರಿಸಿ ಎತ್ತಿರೆಂದು ಇಬ್ಬರನ್ನು ಕರೆದರು. ಅಕ್ಕ ಟಾಯರಿನ ಚಪ್ಪಲಿ ಬಿಗಿದುಕೊಂಡಳು. "ಎತ್ತೋದು ಬ್ಯಾಡ್ರಿ. ನಾ ಏರ್ತೀನಿ, ನೀವು ನಿಂತು ನೋಡ್ರಿ. ನಮ್ಮನ್ನ ಅಭ್ಯಾಸ ಮಾಡ್ಲಿಕ್ಕೇ ಬಂದೀರಲಾ?" ಎಂದಳು. ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಏರಿದಳು. ಮೇಲೆ ಅವಳಿಗೊಂದು ಕುರ್ಚಿ ಇತ್ತು. ದೊಡ್ಡವರ ನಡುವೆ ಕುರ್ಚಿಯಲ್ಲಿ ಕೂತ ಅವಳನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಟ್ರಂಕಿನ ಜೊತೆ ತಿರುಗಿ ಬಂದೆವು. ಅವಳು ಮಲಗುತ್ತಿದ್ದ ಮೂಲೆಯಲ್ಲಿ ಹೊಸ ಮಂಚ ಹಾಕಿ, ಮದುವೆ ಗೊತ್ತಾಗಿದ್ದ ದೊಡ್ಡ ಮಗನಿಗೆಂದು ಸೀರೆಯ ಪರದೆ ಕಟ್ಟಿದ್ದರು. ನಾನು ನಮ್ಮ ಮನೆಗೆ ಬಂದು ರೊಟ್ಟಿಯ ಹಿಟ್ಟಿಗೆ ಕೈ ಹಾಕಿದ್ದೆ ಅಷ್ಟೆ, ಗೋಡೆಯಾಚೆ ದನಿ ಏರಿತು.

"ಯಾಕ್ ತಿರುಗಿ ಬಂದಿ? ಒಲ್ಲೆಂದ್ರೇನ?" ಅದು ಅಣ್ಣ.

"ಏನ್ ಒಲ್ಲೆಂತಾರ?"

"ಸಲಹತೀವಂತ ಒಪ್ಪಿ ಒಯ್ದಾರಲಾ!"

ಆಗ ಹಿಟ್ಟು ನಾದುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನಮ್ಮ ಕಡೆ ಬುದ್ಧಿಮಾತಿಗೆ ಸಲಾ ಅನ್ನುತ್ತಿದ್ದೆವು. ಸಲಹುವುದೆಂದರೆ ಸಾಕುವುದು. ದೇವರ ಮುಂದೆ ನಿಂತು ಸಲಹಪ್ಪಾ ಎನ್ನುವುದಿಲ್ಲವೇ, ಹಾಗೆ. ಸಲಹಾ ಸಮಿತಿಯೆಂದರೆ ಇಂಥವರನ್ನು ಕೊನೆಯವರೆಗೆ ಸಾಕುವ ಮಂದಿ ಎಂದು ಅಣ್ಣ ತಿಳಿದಿದ್ದ. ಸಾಹೇಬರ ಮೈಸೂರು ಮಾತು ಅವನಿಗೆ ಹಾಗೆ ಕೇಳಿಸಿತ್ತು. ನಿಜವಾಗಿ ಹಾಗೆ ಕೇಳಿಸಿತೋ, ಹಾಗೆ ಕೇಳಿಸಲೆಂದು ಅವನ ಮನಸ್ಸಿನಲ್ಲಿ ಇತ್ತೋ... ಇವತ್ತಿಗೂ ನನಗೆ ತಿಳಿಯದು.

"ಸಲಹಾ ಅಂದ್ರ ಸಲಾ, ಅಣ್ಣಾ. ನನ್ನ ಸಾಕೋದಲ್ಲ. ನಾ ಅವರಿಗಿ ಬುದ್ಧಿ ಹೇಳೋದು" ಎಂದಳು ಅಕ್ಕ.

ಅವಳ ವೈನಿ, ಅಣ್ಣನ ಹೆಂಡತಿ, ನಕ್ಕಿದ್ದು ಕೇಳಿಸಿತು. "ಛಲೋ ಆಯ್ತು. ಕಾಲಿಲ್ಲದಾಕಿ ಊರಿಗಿ ದಾರಿ ತೋರಸ್ತಾಳಂತ."

ಮಂಚ ಕದಲಲಿಲ್ಲ. ಹಿತ್ತಲಿನಲ್ಲಿ ಕಲ್ಲಿದ್ದಲು ಇಡುವ ತಗಡಿನ ಮರೆಯಲ್ಲಿ ಅಕ್ಕನ ಕೌದಿ ಹಾಸಿದರು. ಮುಂದಿನ ತಿಂಗಳ ಮೀಟಿಂಗಿಗೆ ಟ್ರಂಕು ಮತ್ತೆ ಬಂತು. ಅದರ ಮುಂದಿನ ತಿಂಗಳೂ. ಈ ಸಲವಾದರೂ ಇಟ್ಟುಕೊಂಡಾರು ಎಂದು ಅಣ್ಣ ಅದನ್ನು ಗಾಡಿಗೆ ಏರಿಸುವುದು, ಸಂಜೆ ನಾನು ಇಳಿಸಿಕೊಂಡು ಬರುವುದು. ಸಂಘದಲ್ಲಿ ಅಕ್ಕ ನಗಿಸುತ್ತಿದ್ದಳು: "ಸಾಹೇಬ್ರ, ನಮ್ಮ ಟ್ರಂಕೂ ತಪ್ಪದೆ ಬರ್ತದ. ಅದಕ್ಕೂ ಒಂದು ಕುರ್ಚಿ ಹಾಕ್ರಿ." ಎಲ್ಲರೂ ನಗುತ್ತಿದ್ದರು. ಟ್ರಂಕು ಯಾಕೆ ಬರುತ್ತದೆಂದು ಯಾರೂ ಕೇಳಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಅವಳು ತಾನೇ ಬಾಯಿಬಿಟ್ಟಳು. ತಗಡಿನ ಮರೆ ಸೋರುತ್ತದೆಂದು ಹೇಳಲಿಲ್ಲ. "ನಂದೊಂದು ಸಲಹಾ ಅದ್ರಿ. ಕೆಳಗಿನ ಖೋಲಿ ಖಾಲಿ ಅದ. ನಾ ಅಲ್ಲಿ ಇರ್ತೀನಿ. ಕಸಾ ಹೊಡೀತೀನಿ, ಕಾವಲ ಕಾಯ್ತೀನಿ. ನನ್ನಂಥವರು ದೂರದಿಂದ ಬಂದ್ರ ರೊಟ್ಟಿ ಮಾಡಿ ಹಾಕ್ತೀನಿ" ಎಂದಳು. ಹೇಳುವಾಗ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಸಾಹೇಬರು ತಲೆದೂಗಿದರು. "ಒಳ್ಳೆಯ ಸಲಹೆ. ಆದರೆ ನಮ್ಮದು ಅಧ್ಯಯನದ ಸಂಘ, ಆಶ್ರಮವಲ್ಲ ನೋಡಿ. ಇರಲಿ, ಪರಿಶೀಲಿಸೋಣ" ಎಂದರು.

ಗಾಡಿಯಲ್ಲಿ ಅವಳು ಕೈಯ ಚಪ್ಪಲಿ ಬಿಚ್ಚಿ ಟ್ರಂಕಿನ ಮೇಲಿಟ್ಟಳು. ಆಮೇಲೆ, "ಪರಿಶೀಲ್ಸೋದಂದ್ರ ಏನಬೇ?" ಎಂದಳು.

"ನೋಡಮು ಅಂದಂಗ, ಅಕ್ಕಾ."

"ನಮ್ಮ ವೈನಿನೂ ಅದೇ ಅಂತಾಳ."

ಮುಂದಿನ ಸಲ ಹೋದಾಗ ಸಂಘಕ್ಕೆ ಬೀಗ ಬಿದ್ದಿತ್ತು. ಸಾಹೇಬರು ಕೆಲಸ ಮುಗಿಯಿತೆಂದು ಊರಿಗೆ ಹೋದರೆಂದು ಕೆಳಗಿನ ಅಂಗಡಿಯವನು ಹೇಳಿದ. ಕಾಗದ ಬರುತ್ತದಂತೆ ಎಂದ. ಅಕ್ಕ ಮೆಟ್ಟಿಲುಗಳನ್ನು ನೋಡುತ್ತ ಟ್ರಂಕಿಗೆ ಒರಗಿ ಕೂತಳು. ಹನಿ ಬೀಳತೊಡಗಿದ್ದವು.

ವಾಡಿಗೆ ಬಂದಿಳಿದ ಮೇಲೆ ಅವಳು ಮನೆಯ ಕಡೆ ತಿರುಗಲಿಲ್ಲ. "ಈ ಟ್ರಂಕ್ ಹೊತ್ತು ಆ ಬಾಗಲಿಗಿ ಮತ್ತ ಹೋಗಲ್ಲ. ಸೇಡಂನಾಗ ಕಾಕಾನ ಮಗಳು ಇದ್ದಾಳ" ಎಂದಳು. "ಅಕ್ಕಾ, ನಮ್ಮನಿಗಿ ಬಾ" ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು. "ನಿಮ್ಮತ್ತಿ ಎಷ್ಟ ದಿನ ಸಲಹ್ಯಾಳಬೇ?" ಕೂಲಿಯವನೊಬ್ಬ ಟ್ರಂಕನ್ನು ಸೇಡಂ ಕಡೆಯ ಗಾಡಿಗೆ ಏರಿಸಿದ. ಅವಳು ಬಾಗಿಲ ಸರಳು ಹಿಡಿದು ತಾನೇ ಏರಿದಳು. ಗಾಡಿ ಬಿಟ್ಟಾಗ ಟಾಯರಿನ ಚಪ್ಪಲಿಯ ಕೈಯನ್ನೇ ಬೀಸಿದಳು...

ಅವಳ ಅಣ್ಣನಿಗೆ ಸುದ್ದಿ ಮುಟ್ಟಿಸಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಕೂತ. ಹುಡುಕಲು ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ನಿಮ್ಮ ಅಜ್ಜ ಕೆಲಸದ ಮೇಲೆ ಸೇಡಂಗೆ ಹೋಗಿ ಬಂದರು. ಊಟಕ್ಕೆ ಕೂತು, ತುತ್ತು ಎತ್ತದೆ ಹೇಳಿದರು: "ಅಕ್ಕ ಸ್ಟೇಷನ್ನಿನಾಗ ಕುಂತಾಳ. ನಡಿ ಮನಿಗಿ ಅಂದ್ರ, ಮೀಟಿಂಗ್ ಅದ, ಕುಂತೀನಿ ಅಂದ್ಳು."

"ಟ್ರಂಕು?"

"ಕಾಣಲಿಲ್ಲ." ತಾಟು ಪಕ್ಕಕ್ಕೆ ಸರಿಸಿದರು. "ಯಾರೋ ನಾಕಾಣೆ ಒಗೆದು ಹೋದ. ಆಕಿ ಅವನ್ನ ತಿರುಗಿ ಕರೀಲಿಲ್ಲ."

ಆಮೇಲೆ ಅವರು ಆ ಕಡೆ ಹೋದಾಗಲೆಲ್ಲ ಹುಡುಕಿದರು. ಅವಳು ಅಲ್ಲಿರಲಿಲ್ಲ. ಎಲ್ಲಿಯೂ ಇರಲಿಲ್ಲ.

ಈಗ ಅವಳನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಮೊಮ್ಮಗಳು ಮೊನ್ನೆ ತಮ್ಮ ಸಂಸ್ಥೆಗೆ ಸಲಹೆ ಹೇಳಲು ಬರುವವರ ಬಗ್ಗೆ ಖುಷಿಯಿಂದ ಹೇಳುತ್ತಿದ್ದಳು. "ಅವರು ಸಂಜಿಗಿ ಎಲ್ಲಿ ಹೋಗ್ತಾರಬೇ?" ಎಂದು ಕೇಳಿದೆ. "ಅವರವರ ಮನಿಗಿ, ಅಜ್ಜಿ. ಇನ್ನೆಲ್ಲಿಗಿ?" ಎಂದು ನಕ್ಕಳು.

ಕೋಲಿನ ರಬ್ಬರು ಇನ್ನೂ ಹೊಸದು. ಬಿಸಿಲಲ್ಲಿ ಇಡುವುದನ್ನು ಬಿಟ್ಟಿದ್ದೇನೆ. ಆದರೂ ರೈಲ್ವೆ ಸ್ಟೇಷನ್ನಿಗೆ ಹೋದಾಗ ಎಲ್ಲಾದರೂ ಕಾಸು ಬಿದ್ದ ಸದ್ದಾದರೆ ಕಾಲು ನಿಲ್ಲುತ್ತದೆ. ಅಣ್ಣಾ, ನಿಂದು ರೊಕ್ಕ ಬಿದ್ದದ ನೋಡು... ಎಂದು ಯಾರಾದರೂ ಕೂಗಿಯಾರೆಂದು ಕಾಯುತ್ತೇನೆ. ಯಾರೂ ಕೂಗುವುದಿಲ್ಲ.